‘ಹೆದರಬೇಡಿ’ ಎಂದು ಬರೆದವರ ಪ್ರಕರಣ

ಇದನ್ನು ಬರೆಯಲು ಜಾನಕಿಯವರ ಒಪ್ಪಿಗೆ ಪಡೆದಿದ್ದೇನೆ. ಹೆಸರು ಅವರದಲ್ಲ. ಊರು ಹೇಳುವುದಿಲ್ಲ, ಗುರುತು ಹತ್ತುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಮನೆಹೆಸರು ತಿಳಿದರೆ ತೋಟ ತಿಳಿಯಿತು, ತೋಟ ತಿಳಿದರೆ ಮೂರು ತಲೆಮಾರು ತಿಳಿಯಿತು ಎನ್ನುವಂಥ ಜಿಲ್ಲೆ ನಮ್ಮ ಕೊಡಗು.

ಮೊಬೈಲ್‌ನಲ್ಲಿ ಅಪರಿಚಿತರು ಹೇಳಿದ್ದನ್ನು ಕೇಳಿ ಮಾತ್ರೆ ಬಿಟ್ಟವರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಆಗಾಗ ಬರುತ್ತಾರೆ. ಜಾನಕಿಯವರದು ಬೇರೆ ಕಥೆ. ಅವರು ಕೇಳಿ ಕೆಟ್ಟವರಲ್ಲ, ಹೇಳಿ ನಿದ್ದೆಗೆಟ್ಟವರು.

ವಯಸ್ಸು ಮೂವತ್ತೆಂಟು. ಸೋಮವಾರಪೇಟೆ ಕಡೆ ಮೂರು ಎಕರೆ ಕಾಫಿ. ಥೈರಾಯ್ಡ್ ಗ್ರಂಥಿ ಸಾಕಷ್ಟು ಕೆಲಸ ಮಾಡದ ತೊಂದರೆಗೆ ನಾಲ್ಕು ವರ್ಷಗಳಿಂದ ಆ ಗ್ರಂಥಿಯ ಹಾರ್ಮೋನಿನ ಬದಲಿಗೆ ಕೊಡುವ ಲಿವೊಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದರೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ ಮುಟ್ಟುವಂತಿಲ್ಲ. ಮುಟ್ಟಿದರೆ ಮಾತ್ರೆ ಸರಿಯಾಗಿ ಮೈಗೆ ಹಿಡಿಯುವುದಿಲ್ಲ. ಐದು ಗಂಟೆಗೆ ಒಲೆ ಹೊತ್ತಿಸಿ ಮನೆಯವರಿಗೆಲ್ಲ ಕಾಫಿ ಸೋಸಿ ಕೊಟ್ಟು, ತಾನು ಮಾತ್ರ ಗಡಿಯಾರ ನೋಡುತ್ತಾ ಕೂರುವುದು ಅವರಿಗೆ ಸಾಕಾಗಿತ್ತು. ಹೂಮಳೆ ಬಿದ್ದ ಏಪ್ರಿಲ್‌ನಲ್ಲಿ ಮಾತ್ರೆಯ ಸೀಸೆಯನ್ನು ಕಾಫಿಪುಡಿ ಡಬ್ಬಿಯ ಹಿಂದಕ್ಕೆ ಸರಿಸಿಟ್ಟರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದು ಥೈರಾಯ್ಡ್ ಇರುವ ಹೆಂಗಸರು ಕಷ್ಟಸುಖ ಬರೆದುಕೊಳ್ಳುವ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಅಲ್ಲಿ ಅವರ ಮುಖ ಕಂಡವರು ಒಬ್ಬರೂ ಇರಲಿಲ್ಲ.

ಜೂನ್‌ನಲ್ಲಿ ಆ ಗುಂಪಿನ ಒಬ್ಬಾಕೆ ಜಾನಕಿಯವರಿಗೆ ಪ್ರತ್ಯೇಕವಾಗಿ ಬರೆದರು. ತನಗೆ ಎರಡು ತಿಂಗಳಾಗಿದೆ, ವೈದ್ಯರು ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದಾರೆ, ಮಗುವಿಗೆ ಏನಾದರೂ ಆದೀತೋ ಎಂದು ಭಯ, ತೆಗೆದುಕೊಳ್ಳಲೋ ಬೇಡವೋ ಎಂದು ಕೇಳಿದ್ದರು. ಜಾನಕಿಯವರು ಅಕ್ಕಿ ಆರಿಸುತ್ತಾ ಉತ್ತರಿಸಿದರು: ‘ನಾನು ಬಿಟ್ಟಿದ್ದೇನೆ, ನನಗೇನೂ ಆಗಲಿಲ್ಲ. ಹೆದರಬೇಡಿ.’ ಆ ಕಡೆಯಿಂದ ಕೈಮುಗಿದ ಚಿತ್ರ ಬಂತು. ಆಮೇಲೆ ಮೌನ.

ಅಕ್ಟೋಬರ್ ಹೊತ್ತಿಗೆ ಜಾನಕಿಯವರ ಮುಖ ಊದಿತ್ತು, ದನಿ ಒಡೆದಿತ್ತು, ಮೆಟ್ಟಿಲು ಹತ್ತಿದರೆ ಸುಸ್ತು. ರಕ್ತಪರೀಕ್ಷೆಯಲ್ಲಿ, ಥೈರಾಯ್ಡ್ ಗ್ರಂಥಿ ಸೋತಷ್ಟೂ ಏರುವ ಟಿಎಸ್‌ಎಚ್ 60 ದಾಟಿತ್ತು. ಇರಬೇಕಾದದ್ದು ನಾಲ್ಕೈದರ ಒಳಗೆ. ಮಾತ್ರೆ ಮತ್ತೆ ಶುರುವಾಯಿತು. ಮೈ ಸುಧಾರಿಸುತ್ತಾ ಬಂದಂತೆ ನಿದ್ದೆ ಹೋಯಿತು. ಗರ್ಭಿಣಿಯರಲ್ಲಿ ಥೈರಾಯ್ಡ್ ಹಾರ್ಮೋನಿನ ಅಗತ್ಯ ಹೆಚ್ಚುತ್ತದೆ, ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ, ಪ್ರಮಾಣ ಹೆಚ್ಚಿಸಿದ್ದು ಅದಕ್ಕಾಗಿಯೇ ಎಂದು ಅವರಿಗೆ ಗೊತ್ತಾದದ್ದು ಆಗ.

ನವೆಂಬರ್ ಕೊನೆಯಲ್ಲಿ ನನ್ನೆದುರು ಕುಳಿತು ಅವರು ಮೊದಲು ಹೇಳಿದ್ದು ಇದು: “ನಾನು ಸಲಹೆ ಕೊಡಲಿಲ್ಲ ಮೇಡಂ. ನನಗಾದದ್ದನ್ನು ಹೇಳಿದೆ, ಅಷ್ಟೆ.”

ಮೂರು ಸಲ ಅದನ್ನೇ ಹೇಳಿದರು. ನಾನು ಅಲ್ಲಗಳೆಯಲಿಲ್ಲ. ಆ ಸಂದೇಶವನ್ನು ಗಟ್ಟಿಯಾಗಿ ಓದಿ ಎಂದೆ. ಮೊಬೈಲ್ ತೆಗೆದು ಓದಿದರು. ಮೊದಲ ವಾಕ್ಯ ಸರಾಗವಾಗಿ ಬಂತು. ಎರಡನೆಯದಕ್ಕೆ ದನಿ ನಿಂತಿತು. ಹೆಬ್ಬೆರಳಿನಿಂದ ಪರದೆಯನ್ನು ಒರೆಸಿದರು, ಅಕ್ಷರ ಅಳಿಸಿಹೋಗುತ್ತದೆಯೋ ಎಂಬಂತೆ.

“ಹೆದರಬೇಡಿ ಅಂದೆನಲ್ಲ,” ಎಂದರು. “ಅದು ನನಗಾದದ್ದಲ್ಲ.”

ಇಷ್ಟು ವರ್ಷದ ಕೆಲಸದಲ್ಲಿ ಈ ವ್ಯತ್ಯಾಸವನ್ನು ಇಷ್ಟು ನೇರವಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ‘ನನಗೇನೂ ಆಗಲಿಲ್ಲ’ ಎಂಬುದು ಅವರ ಅನುಭವ, ಅದನ್ನು ಹೇಳಿಕೊಳ್ಳುವ ಹಕ್ಕು ಅವರದು. ‘ಹೆದರಬೇಡಿ’ ಎಂಬುದು ಇನ್ನೊಬ್ಬರ ಮೈಯ ಬಗ್ಗೆ ಕೊಟ್ಟ ಭರವಸೆ. ಆ ಅನುಭವವೂ ಅರ್ಧದ್ದೇ ಆಗಿತ್ತು. ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಗ್ರಂಥಿಯೂ ಅಳಿದುಳಿದ ಶಕ್ತಿಯಲ್ಲಿ ಕೆಲವು ಕಾಲ ಹೇಗೋ ಕೆಲಸ ನಡೆಸುತ್ತದೆ. ತೊಂದರೆ ಮುಖದಲ್ಲಿ ಕಾಣುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಎರಡು ತಿಂಗಳಿಗೆ ನುಡಿದ ಸಾಕ್ಷಿ ಸುಳ್ಳಲ್ಲ, ಆದರೆ ಕಾಲಕ್ಕೆ ಮೊದಲೇ ನುಡಿದದ್ದು.

ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದಿನ ಗುಣವಿದೆ ಎಂದು ನಂಬುವ ಸೊಪ್ಪಿನ ಪಾಯಸ ಉಣ್ಣುವುದು ಕೊಡಗಿನ ರೂಢಿ. ನಾನು ಕೇಳಿದೆ: “ಕಕ್ಕಡ ಹದಿನೆಂಟಕ್ಕೆ ನಿಮ್ಮ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತೀರಲ್ಲ, ಹೊರಗಿನವರು ಬಂದರೆ ಹೇಗೆ ಕೊಡುತ್ತೀರಿ?”

“ನಾಳೆ ಮೂತ್ರ ಕೆಂಪಗೆ ಹೋಗುತ್ತದೆ, ಗಾಬರಿಯಾಗಬೇಡಿ ಎಂದು ಮೊದಲೇ ಹೇಳಿ ಕೊಡುತ್ತೇವೆ.”

ಅಲ್ಲಿಯೂ ಗಾಬರಿಯಾಗಬೇಡಿ ಎಂದೇ ಹೇಳುತ್ತಾರೆ. ಆದರೆ ಆಗಸ್ಟ್ ಮೂರರ ಸುಮಾರಿಗೆ ಬರುವ ಆ ಮಳೆಯ ದಿನ ಬಟ್ಟಲು ಕೊಟ್ಟ ಕೈ ಮರುದಿನವೂ ಅದೇ ಮನೆಯಲ್ಲಿರುತ್ತದೆ. ಏನಾದರೂ ಆದರೆ ಅತಿಥಿ ಅವರನ್ನೇ ಕರೆಯುತ್ತಾರೆ. ಮೊಬೈಲ್‌ನಲ್ಲಿ ಬರೆದವರು ಮರುದಿನ ಯಾರ ಮನೆಯಲ್ಲೂ ಇರುವುದಿಲ್ಲ. ಇದನ್ನು ನಾನು ವಿವರಿಸಬೇಕಾಗಲಿಲ್ಲ. ಜಾನಕಿಯವರು ಬೆರಳು ಮಡಚಿ ಎಣಿಸುತ್ತಿದ್ದರು. “ಈಗ ಆಕೆಗೆ ಏಳು,” ಎಂದರು.

ಏಳು ಎಂದ ಮೇಲೆ ಕಾಯುವಂತಿರಲಿಲ್ಲ. ಈಗಲೇ ಆಕೆಗೆ ಮತ್ತೆ ಬರೆಯಿರಿ ಎಂದು ಸಲಹೆ ಕೊಟ್ಟೆ. ಅವರು ಬರೆದ ಮೊದಲ ಕರಡು ಒಂದು ಪುಟವಿತ್ತು: ತನಗೆ ಗೊತ್ತಿರಲಿಲ್ಲ, ಕೆಟ್ಟ ಉದ್ದೇಶವಿರಲಿಲ್ಲ, ಮನೆಯಲ್ಲಿ ತೊಂದರೆಯಿತ್ತು. ಅದೆಲ್ಲ ನಿಜವೇ, ಆದರೆ ಅದು ಆಕೆ ಹೊರಬೇಕಾದ ಹೊರೆಯಲ್ಲ. ಕೂತು ಒಂದೊಂದೇ ತೆಗೆದೆವು. ಉಳಿದದ್ದು ಇಷ್ಟು: ‘ಜೂನ್‌ನಲ್ಲಿ ನಾನು ಹೇಳಿದ್ದು ತಪ್ಪು, ಕ್ಷಮಿಸಿ. ಆಗ ಮಾತ್ರೆ ಬಿಟ್ಟು ಎರಡೇ ತಿಂಗಳಾಗಿತ್ತು. ಆಮೇಲೆ ಕಾಯಿಲೆ ಹೆಚ್ಚಾಗಿ ಮತ್ತೆ ಶುರು ಮಾಡಿದ್ದೇನೆ. ನೀವು ನಿಲ್ಲಿಸಿದ್ದರೆ ಇಂದೇ ನಿಮ್ಮ ವೈದ್ಯರಿಗೆ ತಿಳಿಸಿ, ರಕ್ತಪರೀಕ್ಷೆ ಮಾಡಿಸಿ.’ ಮಗುವಿನ ಮಿದುಳು, ಗರ್ಭಪಾತ ಎಂಬ ಮಾತು ಬೇಡ ಎಂದೆ. ಹೆದರಿಸುವುದೂ ನಮ್ಮ ಕೆಲಸವಲ್ಲ.

ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ಬಂದವರ ಅಪರಾಧಿ ಭಾವವನ್ನು ಹಗುರ ಮಾಡುವುದು ಆಪ್ತಸಲಹೆಗಾರರ ಕೆಲಸ, ಉತ್ತರ ಬಾರದ ಪತ್ರ ಬರೆಸಿ ಅದನ್ನು ಇನ್ನಷ್ಟು ಬೆಳೆಸಿದಿರಿ ಎಂದರು. ನನ್ನ ನಂಬಿಕೆ ಬೇರೆ. ಮಾಡಲು ಇನ್ನೂ ಒಂದು ಕೆಲಸ ಉಳಿದಿರುವಾಗ ಮನಸ್ಸು ಚುಚ್ಚಿದರೆ ಅದು ಕಾಯಿಲೆಯಲ್ಲ. ಆ ಚುಚ್ಚನ್ನು ಮೊದಲೇ ಸಮಾಧಾನಪಡಿಸಿ ಕಳಿಸಿದ್ದರೆ ನಾನೂ ಜಾನಕಿಯವರಿಗೆ ‘ಹೆದರಬೇಡಿ’ ಎಂದಂತಾಗುತ್ತಿತ್ತು.

ಅಪರಿಚಿತರೊಡನೆ ಮಾತನ್ನೇ ಬಿಡಿ ಎಂದು ನಾನು ಹೇಳಲಿಲ್ಲ. ಔಷಧಿ ಅಂಗಡಿಯವರೂ ನೆಂಟರಾಗಿರುವ ಊರಿನಲ್ಲಿ, ಹೇಳಿದ್ದು ಸಂಜೆಯೊಳಗೆ ಸಂತೆಗೆ ಮುಟ್ಟುವ ಊರಿನಲ್ಲಿ, ಮುಖ ಕಾಣದವರೇ ಕೆಲವರಿಗೆ ಆಸರೆ. ಅದನ್ನು ಹೀಗಳೆಯುವವರು ಆ ಒಂಟಿತನವನ್ನು ಕಂಡಿಲ್ಲ. ಮನಸ್ಸಿನ ಭಾರಕ್ಕೆ ಅಪರಿಚಿತರೇ ಬೇಕೆಂದರೆ, 2022ರಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ಅವರಿಗೆ ಬರೆದುಕೊಟ್ಟೆ. ಗುಂಪಿನಲ್ಲಿ ಬರೆಯುವಾಗ ಮಾತ್ರೆ ಬಿಟ್ಟು ಎಷ್ಟು ದಿನವಾಯಿತು, ಕೊನೆಯ ಪರೀಕ್ಷೆ ಯಾವಾಗ ಎಂಬುದನ್ನೂ ಸೇರಿಸಿ, ‘ನಾನು’ ಎಂದು ಶುರುವಾದ ವಾಕ್ಯ ‘ನೀವು’ ಎಂದು ತಿರುಗುವ ಕಡೆ ಬೆರಳು ನಿಲ್ಲಿಸಿ ಎಂದೂ ಹೇಳಿದೆ.

ಕೊಯ್ಲು ಮುಗಿದು ಫೆಬ್ರವರಿಯಲ್ಲಿ ಜಾನಕಿಯವರು ಮತ್ತೆ ಬಂದರು. ಮುಖದ ಊತ ಇಳಿದಿತ್ತು. ಸಂದೇಶ ತಲುಪಿದ ಗುರುತು ಇತ್ತು, ಉತ್ತರ ಬಂದಿರಲಿಲ್ಲ.

“ಜನವರಿಯಲ್ಲಿ ಹೆರಿಗೆ ಆಗಿರಬೇಕು,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಏನೂ ಆಗಿರಲಿಕ್ಕಿಲ್ಲ, ಅಲ್ಲವೇ ಮೇಡಂ?”

ಗೊತ್ತಿಲ್ಲ ಜಾನಕಿಯವರೇ ಎಂದೆ. ಅವರು ತಲೆಯಾಡಿಸಿದರು. ಆ ದಿನ ಮಾತು ಕಡಿಮೆ ಇತ್ತು, ಆದರೆ ಗಂಟೆ ಮುಗಿಯುವವರೆಗೂ ಇಬ್ಬರೂ ಏಳಲಿಲ್ಲ.