ನಾಯಿಯ ಹಗ್ಗ ಸೊಂಟಕ್ಕೆ ಕಟ್ಟಿಕೊಳ್ಳಬಹುದೇ?

ಪ್ರಶ್ನೆ: ನನಗೆ 57 ವರ್ಷ, ತೂಕ 54 ಕೆ.ಜಿ. ನಮ್ಮ ಲ್ಯಾಬ್ರಡಾರ್‌ಗೆ ಮೂರು ವರ್ಷ, ಅದು 31 ಕೆ.ಜಿ. ಇದೆ. ಬಲಗೈ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಬೆರಳು ಜೋಮು ಹಿಡಿಯುವುದರಿಂದ ಜಗ್ಗಾಟದ ಕೆಲಸ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಸೊಂಟಕ್ಕೆ ಕಟ್ಟುವ ಬೆಲ್ಟ್ ಆನ್‌ಲೈನ್‌ನಲ್ಲಿ ತರಿಸುತ್ತೇನೆ ಅಂತ ಮಗಳು ಹಟ ಹಿಡಿದಿದ್ದಾಳೆ. ಬೀದಿನಾಯಿ ಕಂಡರೆ ಸಾಕು, ನಮ್ಮದು ಮೈಮೇಲೆ ಪ್ರಜ್ಞೆಯಿಲ್ಲದ ಹಾಗೆ ಎಳೆಯುತ್ತದೆ. ಯಾವ ಬೆಲ್ಟ್ ಕೊಳ್ಳಲಿ?
(ಓದುಗರು, ಜಯನಗರ, ಬೆಂಗಳೂರು)

ಉತ್ತರ: ಸದ್ಯಕ್ಕೆ ಯಾವುದೂ ಬೇಡ ಮೇಡಂ. ಬೀದಿನಾಯಿ ಕಂಡರೆ ಎಳೆಯುತ್ತದೆ ಎಂದಿರಲ್ಲ, ಅದು ನಿಲ್ಲುವವರೆಗೆ ಬೆಲ್ಟ್ ನಿಮಗೆ ಅಪಾಯವೇ. ಹಗ್ಗ ಕೈಯಲ್ಲಿದ್ದರೆ, ಏನೂ ತೋಚದಿದ್ದಾಗ ಕೈ ಬಿಡಬಹುದು. ಸೊಂಟದಲ್ಲಿದ್ದರೆ ನಾಯಿ ಹೋದ ಕಡೆ ನೀವೂ ಹೋಗಬೇಕು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸಡಿಲವಾಗಿದ್ದ ಹಗ್ಗದ ತುದಿಗೆ ಮುಟ್ಟುವಷ್ಟರಲ್ಲಿ 31 ಕೆ.ಜಿ. ನಾಯಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿದೆ ಎಂದಿಟ್ಟುಕೊಳ್ಳಿ. ನೀವು ಅಲುಗಾಡದೆ ನಿಂತಿದ್ದು, ಹಗ್ಗ ಅದನ್ನು 10 ಸೆಂ.ಮೀ. ಒಳಗೆ ತಡೆದರೆ ಸೊಂಟಕ್ಕೆ ಬೀಳುವ ಎಳೆತ ಸರಾಸರಿ 250 ಕೆ.ಜಿ. ಭಾರದಷ್ಟಾಗುತ್ತದೆ. ಎಲಾಸ್ಟಿಕ್ ಇರುವ ಹಗ್ಗ 30 ಸೆಂ.ಮೀ. ಹಿಗ್ಗಿಕೊಂಡು ತಡೆದರೂ 80 ಕೆ.ಜಿ. ದಾಟುತ್ತದೆ. ನಿಮ್ಮ ತೂಕ 54. ಅಂದರೆ ನಾಯಿ ನಿಲ್ಲುವ ಮೊದಲೇ ನಿಮ್ಮ ಕಾಲು ಕೀಳುತ್ತದೆ, ಅದೂ ಒಂದು ಚಪ್ಪಡಿ ಎದ್ದು ಇನ್ನೊಂದು ಕುಸಿದಿರುವ ನಮ್ಮ ಫುಟ್‌ಪಾತ್ ಮೇಲೆ. ನಿಮ್ಮ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದುಕೊಂಡರೆ ಮಣಿಕಟ್ಟಿನ ನೋವು ಏನೂ ಅಲ್ಲ ಅನ್ನಿಸಿಬಿಡುತ್ತದೆ. ಬೆಲ್ಟಿನ ಜಾಹೀರಾತುಗಳಲ್ಲಿ ಬೀದಿನಾಯಿಯೇ ಇರುವುದಿಲ್ಲ, ಗಮನಿಸಿದ್ದೀರಾ?

ಈಗ ಕೊಳ್ಳಬೇಕಾದದ್ದು ಒಳ್ಳೆಯ ಹಾರ್ನೆಸ್, ಅಂದರೆ ನಾಯಿಯ ಎದೆ ಮತ್ತು ಬೆನ್ನನ್ನು ಸುತ್ತುವ ಪಟ್ಟಿಗಳ ಕಟ್ಟು. ಭುಜ ಆಡಲು ಜಾಗ ಬಿಡುವ, ಮುಂದಿನಿಂದ ನೋಡಿದರೆ ವೈ ಆಕಾರ ಕಾಣುವ ಪಟ್ಟಿಯಿರಲಿ. ಬೆನ್ನಿನ ಮೇಲಲ್ಲದೆ ಎದೆಯ ಮುಂದೆಯೂ ಒಂದು ರಿಂಗ್ ಇರಲಿ. ಹಗ್ಗವನ್ನು ಎದೆಯ ರಿಂಗ್‌ಗೆ ಹಾಕಿದರೆ, ನಾಯಿ ಎಳೆದಾಗ ಅದರ ಮೈ ಪಕ್ಕಕ್ಕೆ ತಿರುಗುತ್ತದೆ, ಮುಂದಕ್ಕೆ ನುಗ್ಗುವ ಬಲ ಕಡಿಮೆಯಾಗುತ್ತದೆ. ಹಗ್ಗ ಒಂದೂವರೆ ಮೀಟರ್ ಉದ್ದದ ಅಗಲ ಪಟ್ಟಿಯಾಗಿರಲಿ, ಎಡಗೈಯಲ್ಲಿ ಹಿಡಿಯಿರಿ. ಹಿಡಿಕೆಯ ಕುಣಿಕೆಯನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಲೇಬೇಡಿ. ಬಹಳ ಜನ ಹಾಗೇ ಮಾಡುತ್ತಾರೆ. ಎಳೆದಾಗ ಅದು ಮಣಿಕಟ್ಟನ್ನೇ ಬಿಗಿಯುತ್ತದೆ, ಬೇಕೆಂದಾಗ ಬಿಡಲೂ ಬರುವುದಿಲ್ಲ.

ವಾಕಿಂಗ್ ಸದ್ಯಕ್ಕೆ ಮಗಳ ಪಾಲಿಗಿರಲಿ, ಪಾಠವನ್ನೂ ಅವಳೇ ಶುರುಮಾಡಲಿ. ಹಗ್ಗ ಬಿಗಿಯಾದ ಕೂಡಲೇ ನಿಂತುಬಿಡಬೇಕು. ಸಡಿಲಾದಾಗ, ಅವಳ ಕಾಲಿನ ಪಕ್ಕದಲ್ಲಿ ಒಂದು ತುಣುಕು ಬೇಯಿಸಿದ ಚಿಕನ್ನೋ ಪನೀರೋ ಕೊಡಬೇಕು. ಬೀದಿನಾಯಿ ಕಂಡರೆ ಬೈದು ಜಗ್ಗುವ ಬದಲು ರಸ್ತೆ ದಾಟಿ ದೂರ ಮಾಡಿಕೊಳ್ಳಲಿ. ನಾಯಿ ಅವುಗಳನ್ನು ನೋಡುತ್ತಲೇ ಕೈಯಲ್ಲಿರುವ ತಿಂಡಿ ತೆಗೆದುಕೊಳ್ಳುವಷ್ಟು ದೂರದಲ್ಲಿ ಅಭ್ಯಾಸವಾಗಬೇಕು. ಆ ದೂರ ವಾರದಿಂದ ವಾರಕ್ಕೆ ಕಡಿಮೆಯಾಗುತ್ತ, ಪಕ್ಕದಲ್ಲೇ ಬೀದಿನಾಯಿ ಹಾದುಹೋದರೂ ಹಗ್ಗ ಜೋತು ಬಿದ್ದೇ ಇದ್ದರೆ, ಆಗ ಬೆಲ್ಟಿನ ಮಾತು.

ಆಗ ಏನು ನೋಡಬೇಕು? ಬೆಲ್ಟ್ ನಾಲ್ಕು ಬೆರಳಿನಷ್ಟಾದರೂ ಅಗಲವಿದ್ದು, ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಹಗ್ಗದಲ್ಲಿ ನಾಯಿಯ ತುದಿಗೆ ಹತ್ತಿರ ಇನ್ನೊಂದು ಹಿಡಿಕೆ ಇರಲಿ, ಬೈಕ್ ಬಂದಾಗ ಹತ್ತಿರಕ್ಕೆಳೆದುಕೊಳ್ಳಲು. ಎಲ್ಲಕ್ಕಿಂತ ಮುಖ್ಯವಾದದ್ದು ಕಳಚುವ ಕೊಕ್ಕೆ. ಬೆಲ್ಟ್ ಕಟ್ಟಿಕೊಂಡು ನಿಲ್ಲಿ, ಮಗಳು ಹಗ್ಗವನ್ನು ಬಲವಾಗಿ ಎಳೆದು ಹಿಡಿಯಲಿ, ನೀವು ಎಡಗೈಯೊಂದರಿಂದಲೇ ಅದನ್ನು ಬಿಚ್ಚಿ ನೋಡಿ. ಬೆಟ್ಟ ಹತ್ತುವವರು ಬಳಸುವಂಥ ಲೋಹದ ಕೊಂಡಿ ನೋಡಲು ಗಟ್ಟಿ, ಆದರೆ ಎಳೆತದಲ್ಲಿರುವಾಗ ಸುಲಭವಾಗಿ ಬಿಚ್ಚಲು ಬರುವುದಿಲ್ಲ. ಈ ಪರೀಕ್ಷೆಯಲ್ಲಿ ಸೋತದ್ದನ್ನು ವಾಪಸ್ ಕಳಿಸಿ. ಗುಂಡಿ ಒತ್ತಿದರೆ ಸುರುಳಿ ಬಿಚ್ಚಿಕೊಳ್ಳುವ ಹಗ್ಗವನ್ನಂತೂ ಸೊಂಟಕ್ಕೆ ಕಟ್ಟಲೇಬೇಡಿ. ಉದ್ದ ಸಿಕ್ಕಷ್ಟೂ ನಾಯಿಯ ವೇಗ ಏರುತ್ತದೆ.

ಪ್ರಶ್ನೆ: ನನ್ನ ಮುಧೋಳ ನಾಯಿಯ ಜೊತೆ ಬೆಳಿಗ್ಗೆ ಓಡಬೇಕೆಂದಿದ್ದೇನೆ. ಇದೇ ಬೆಲ್ಟ್ ಸಾಕೇ?
(ಓದುಗರು, ಧಾರವಾಡ)

ಉತ್ತರ: ಸಾಲದು. ನಾಯಿ ಕಟ್ಟಿಕೊಂಡು ಓಡುವ ಕ್ಯಾನಿಕ್ರಾಸ್ ಎಂಬ ಆಟಕ್ಕೆ ಬೇರೆಯದೇ ಬೆಲ್ಟ್ ಇದೆ. ಜಾರುಬಂಡಿ ಎಳೆಯುವ ನಾಯಿಗಳಿಗೆ ಹಿಮವಿಲ್ಲದ ಕಾಲದಲ್ಲಿ ತಾಲೀಮು ಕೊಡಲು ಯುರೋಪಿನಲ್ಲಿ ಹುಟ್ಟಿದ ಆಟವದು. ಅದರ ಬೆಲ್ಟಿಗೆ ತೊಡೆಯ ಸುತ್ತ ಪಟ್ಟಿಗಳಿರುತ್ತವೆ. ಹಾಗಾಗಿ ಅದು ಮೇಲೆ ಸರಿದು ಬೆನ್ನನ್ನು ಹಿಂಡುವುದಿಲ್ಲ. ಎಲಾಸ್ಟಿಕ್ ಹಗ್ಗ ಸುಮಾರು 2 ಮೀಟರ್ ಇರುತ್ತದೆ, ನಾಯಿಗೆ ಎಳೆಯುವ ಹಾರ್ನೆಸ್ ಹಾಕುತ್ತಾರೆ; ಕುತ್ತಿಗೆಯ ಪಟ್ಟಿಗೆ ಹಗ್ಗ ಹಾಕಿ ಯಾರೂ ಓಡುವುದಿಲ್ಲ.

ಮುಧೋಳದ ಮೈಕಟ್ಟೇ ಇಲ್ಲೊಂದು ತೊಡಕು. ಎದೆ ಆಳ, ಹೊಟ್ಟೆ ಸಣ್ಣ. ಹಿಂದಕ್ಕೆ ಸರಿದು ಮೈ ನುಲಿದರೆ ಸಾಮಾನ್ಯ ಹಾರ್ನೆಸ್‌ನಿಂದ ಹೊರಗೆ ಬಂದುಬಿಡುತ್ತದೆ. ಪಕ್ಕೆಲುಬು ಮುಗಿಯುವಲ್ಲಿ ಇನ್ನೊಂದು ಪಟ್ಟಿಯಿರುವುದನ್ನೇ ಆರಿಸಿ. ಇನ್ನು, ಇದು ಕಣ್ಣಿಂದ ಬೇಟೆಯಾಡುವ ತಳಿ. ಹೊಲದಂಚಿನಲ್ಲಿ ಮೊಲ ಹಾರಿದರೆ ನೀವು ಕರೆದದ್ದು ಅದರ ಕಿವಿಗೆ ಬೀಳುವುದಿಲ್ಲ. ಬೆಳಕು ಚೆನ್ನಾಗಿ ಹರಿದ ಮೇಲೆ, ಮುಂದೆ ಏನಿದೆ ಎಂದು ನಿಮಗೆ ಅದಕ್ಕಿಂತ ಮೊದಲೇ ಕಾಣುವ ದಾರಿಯಲ್ಲಿ ಓಡಿ. ಸ್ವಲ್ಪ ಓಟ, ಸ್ವಲ್ಪ ನಡಿಗೆ ಅಂತ ಶುರುಮಾಡಿ. ಹೊಟ್ಟೆ ತುಂಬ ತಿನ್ನಿಸಿ ಓಡಿಸಬೇಡಿ. ಆಳ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು, ಅದು ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು.

ಪ್ರಶ್ನೆ: ಮಗುವಿನ ತಳ್ಳುಗಾಡಿಗೆ ನಾಯಿಯ ಹಗ್ಗ ಕಟ್ಟಬಹುದೇ?
(ಓದುಗರು, ಮಂಗಳೂರು)

ಉತ್ತರ: ಬೇಡವೇ ಬೇಡ. ಹಿಡಿಕೆ ಅಷ್ಟು ಎತ್ತರದಲ್ಲಿರುವುದರಿಂದ ಪಕ್ಕಕ್ಕೆ ಒಂದು ಜಗ್ಗು ಜಗ್ಗಿದರೆ ಗಾಡಿ ಉರುಳುತ್ತದೆ. ಮಗು ಮತ್ತು ನಾಯಿ ಎರಡನ್ನೂ ಒಟ್ಟಿಗೆ ಕರೆದೊಯ್ಯಲೇಬೇಕಾದರೆ ಮನೆಯಿಂದ ಇನ್ನೊಬ್ಬರನ್ನು ಜೊತೆಗೆ ಹೊರಡಿಸಿ.