ಸಂಪಾದಕರ ಉತ್ತರ: ಮಗು ನೋಡಿಕೊಳ್ಳುವ ಕೆಲಸ ಕೇಳುವಾಗ ನಿಮ್ಮ ಬಗ್ಗೆ ಏನು ಹೇಳಬೇಕು?

ಗುಬ್ಬಿ ಕಡೆಯ ಓದುಗರೊಬ್ಬರ ಪತ್ರದ ಸಾರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ವಯಸ್ಸು 46. ತುಮಕೂರಿನ ಒಂದು ಮನೆಯಲ್ಲಿ ನಾಲ್ಕು ವರ್ಷ ಮಗು ನೋಡಿಕೊಂಡಿದ್ದರು. ಆ ಮನೆಯ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ರೈಲಿಗೆ ಬೆಂಗಳೂರಿಗೆ ಹೋಗಿ ಸಂಜೆ ಬರುವವರು. ಮಗುವನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಅವರು ಬೆಂಗಳೂರಿಗೇ ಮನೆ ಬದಲಾಯಿಸಿದರು. ಈಗ ಇವರು ಹೊಸ ಮನೆ ಹುಡುಕುತ್ತಿದ್ದಾರೆ. ತಂಗಿಯ ಮಗಳು ಮೊಬೈಲಿನಲ್ಲಿ ನಾಲ್ಕು ಸಾಲು ಬರೆದು, ಪರಿಚಯದವರ ಕೈಯಲ್ಲಿ ಒಂದು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಸಿದಳು: ‘ನನಗೆ ಮಕ್ಕಳೆಂದರೆ ಪ್ರಾಣ. ಸ್ವಂತ ಮಗುವಿನಂತೆ ನೋಡಿಕೊಳ್ಳುತ್ತೇನೆ. ನಾನು ಪ್ರಾಮಾಣಿಕಳು. ಎಲ್ಲಾ ಕೆಲಸ ಮಾಡುತ್ತೇನೆ.’ ಎರಡು ಮನೆಯವರು ಕರೆದರು. ಒಂದು ಮನೆಯಲ್ಲಿ ಕೂತ ತಕ್ಷಣ ‘ನೀವು ಯಾವ ಜನ?’ ಎಂದು ಕೇಳಿ, ‘ಆಮೇಲೆ ಹೇಳ್ತೀವಿ’ ಎಂದು ಕಳಿಸಿದರು. ಇನ್ನೊಂದರಲ್ಲಿ ಮಗುವಿನ ಜೊತೆಗೆ ಅಡುಗೆ, ಪಾತ್ರೆ, ನೆಲ ಒರೆಸುವುದು ಎಲ್ಲ ಸೇರಿಸಿ, ಹಳೆಯ ಮನೆಯಲ್ಲಿ ಬರುತ್ತಿದ್ದಷ್ಟೇ ಸಂಬಳ ಹೇಳಿದರು. ‘ನಾನು ಓದಿರೋದು ಏಳನೇ ಕ್ಲಾಸು. ನನ್ನ ಬಗ್ಗೆ ನಾನೇ ಏನಂತ ಹೇಳ್ಕೊಳ್ಳಲಿ? ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತೀನಿ ಅಂದ್ರೆ ಕೆಲಸ ಕೊಡ್ತಾರಾ?’ ಎಂದು ಕೇಳಿದ್ದಾರೆ.

ಅಕ್ಕಾ,

ನಿಮ್ಮ ಪತ್ರದ ಎರಡನೇ ಪುಟದಲ್ಲಿ, ಮಾತಿನ ಮಧ್ಯೆ ಒಂದು ವಿಷಯ ಬರೆದಿದ್ದೀರಿ. ಆ ಮಗು ನಿಮ್ಮ ಕೈಗೆ ಬಂದಾಗ ಏಳು ತಿಂಗಳು. ರಾಗಿ ಸರಿ ಬಾಯಿಗಿಟ್ಟರೆ ಉಗುಳುತ್ತಿತ್ತು. ನೀವು ಆ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ, ನೀರು ಜಾಸ್ತಿ ಹಾಕಿ ಗಂಟಿಲ್ಲದ ಹಾಗೆ ಬೇಯಿಸಿ, ಚಮಚ ಪಕ್ಕಕ್ಕಿಟ್ಟು ತೊಳೆದ ಬೆರಳ ತುದಿಯಿಂದ ನೆಕ್ಕಿಸಿ, ನಿಧಾನವಾಗಿ ಅರ್ಧ ಬಟ್ಟಲು ತಿನ್ನುವ ಹಾಗೆ ಮಾಡಿದಿರಿ. ನಿಮ್ಮ ಪರಿಚಯ ಎಂದರೆ ಇದು. ತಂಗಿಯ ಮಗಳು ಬರೆದ ನಾಲ್ಕು ಸಾಲಿನಲ್ಲಿ ಇದು ಇಲ್ಲವೇ ಇಲ್ಲ.

ಮಕ್ಕಳೆಂದರೆ ನಿಮಗೆ ಪ್ರಾಣ ಎನ್ನುವುದು ನಿಜವೇ ಇರಬಹುದು. ಆದರೆ ಆ ಮಾತನ್ನು ಈ ಕೆಲಸ ಕೇಳಿಕೊಂಡು ಬರುವ ಪ್ರತಿಯೊಬ್ಬರೂ ಹೇಳುತ್ತಾರೆ, ಕೇಳುವ ತಾಯಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಆಕೆಯ ಕಡೆಯಿಂದ ಸ್ವಲ್ಪ ಯೋಚಿಸಿ. 2017ರಲ್ಲಿ ಕಾನೂನು ತಿದ್ದಿದ ಮೇಲೆ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಅದು ಮುಗಿದು ಆಕೆ ಮತ್ತೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಮಗುವಿಗೆ ಆರು ತಿಂಗಳು ತುಂಬುತ್ತಿರುತ್ತದೆ. ಎದೆಹಾಲಿನ ಜೊತೆಗೆ ಮೇಲಿನ ಆಹಾರ ಶುರು ಮಾಡಬೇಕಾದ ಕಾಲವೂ ಅದೇ. ತಾಯಿ ಹೊರಗೆ ಹೋಗುವುದೂ, ಮಗು ಊಟ ಕಲಿಯುವುದೂ ಒಟ್ಟಿಗೇ ಬಂದು ಕೂರುತ್ತವೆ. ಅಂಥವಳಿಗೆ ‘ಸ್ವಂತ ಮಗುವಿನಂತೆ’ ಎಂಬ ಮಾತಿಗಿಂತ ‘ಸರಿ ಉಗುಳುತ್ತಿದ್ದ ಮಗುವಿಗೆ ಹೀಗೆ ತಿನ್ನಿಸಿದೆ’ ಎಂಬ ಮಾತು ನೂರು ಪಾಲು ಧೈರ್ಯ ಕೊಡುತ್ತದೆ.

ಹಾಗಾಗಿ ಬರೆಯುವುದೇ ಬೇಡ. ಬರೆಸಿದರೆ ಬರೆದವರ ಮಾತು ಬರುತ್ತದೆ, ನಿಮ್ಮದು ಬರುವುದಿಲ್ಲ. ನಿಮ್ಮ ದನಿಯಲ್ಲೇ ಒಂದು ವಾಯ್ಸ್ ಮೆಸೇಜ್ ಮಾಡಿ, ಒಂದೂವರೆ ನಿಮಿಷ ಸಾಕು. ನಿಮ್ಮ ಪತ್ರದಲ್ಲಿರುವ ವಿಷಯವನ್ನೇ ಜೋಡಿಸಿ ಹೇಳುವುದಾದರೆ ಹೀಗಿರುತ್ತದೆ:

‘ನಮಸ್ಕಾರ ಮೇಡಂ. ನಂದು ಗುಬ್ಬಿ ಕಡೆ, ವಯಸ್ಸು ನಲವತ್ತಾರು. ತುಮಕೂರಲ್ಲಿ ಒಂದೇ ಮನೇಲಿ ನಾಲ್ಕು ವರ್ಷ ಮಗು ನೋಡ್ಕೊಂಡಿದ್ದೀನಿ. ಏಳು ತಿಂಗಳಿಗೆ ನನ್ನ ಕೈಗೆ ಬಂತು, ಸ್ಕೂಲಿಗೆ ಸೇರಿಸೋವರೆಗೂ ಇದ್ದೆ. ಮೊದ್ಲು ರಾಗಿ ಸರಿ ಉಗುಳ್ತಿತ್ತು, ಹಿಟ್ಟು ಇನ್ನೊಂದ್ಸಲ ಸೋಸಿ, ಗಂಟಿಲ್ಲದ ಹಾಗೆ ಬೇಯಿಸಿ, ಬೆರಳಲ್ಲಿ ನೆಕ್ಕಿಸಿ, ಅರ್ಧ ಬಟ್ಟಲು ತಿನ್ನೋ ಹಾಗೆ ಮಾಡಿದೆ. ಅವರು ಬೆಂಗಳೂರಿಗೆ ಹೋದ್ರು ಅಂತ ಬಿಟ್ಟೆ. ಮಗೂಗೆ ಸ್ನಾನ, ಊಟ, ನಿದ್ದೆ, ಆಟ, ಮಗು ಬಟ್ಟೆ ಒಗೆಯೋದು, ಹಾಲಿನ ಬಾಟ್ಲು ಕುದಿಸೋದು, ಇದೆಲ್ಲ ನಾನೇ ಮಾಡ್ತಿದ್ದೆ. ಮನೆ ಮಂದಿಗೆ ಅಡುಗೆ, ನೆಲ ಒರೆಸೋದು ಮಾಡಲ್ಲ, ಮಗು ಮೇಲೆ ಕಣ್ಣು ತಪ್ಪುತ್ತೆ. ಬೆಳಿಗ್ಗೆ ಎಂಟಕ್ಕೆ ಬರ್ತೀನಿ, ಸಾಯಂಕಾಲ ಆರೂವರೆಗೆ ಬಸ್ಸಿಗೆ ಹೊರಡಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತೀನಿ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು. ಹಳೇ ಮನೆಯವರ ಹತ್ರ ಮಾತಾಡಬೇಕು ಅಂದ್ರೆ ಅವರನ್ನ ಕೇಳಿ ನಂಬರ್ ಕೊಡ್ತೀನಿ.’

ಇದರಲ್ಲಿ ಎರಡು ಕಡೆ ನಿಮಗೆ ನಾಲಿಗೆ ತಡವರಿಸುತ್ತದೆ ಎಂದು ಗೊತ್ತು. ‘ಮಾಡಲ್ಲ’ ಎನ್ನುವ ಮಾತು ಮತ್ತು ಸಕ್ಕರೆ ಕಾಯಿಲೆ. ಎರಡನ್ನೂ ಬಿಡಬೇಡಿ.

ಎರಡನೇ ಮನೆಯವರು ಅಷ್ಟೂ ಕೆಲಸ ನಿಮ್ಮ ತಲೆಗೆ ಕಟ್ಟಲು ನೋಡಿದ್ದಕ್ಕೆ ದಾರಿ ಮಾಡಿಕೊಟ್ಟಿದ್ದು ‘ಎಲ್ಲಾ ಕೆಲಸ ಮಾಡುತ್ತೇನೆ’ ಎಂಬ ಸಾಲು. ಕೆಲಸ ಸಿಗಲಿ ಎಂಬ ಆಸೆಯಿಂದ ಹೇಳುವ ಮಾತು ಅದು, ನನಗೆ ಅರ್ಥವಾಗುತ್ತದೆ. ಆದರೆ ತೆವಳುವ ಮಗು ಒಲೆಯ ಕಡೆಗೋ, ನೀರು ತುಂಬಿದ ಬಕೆಟ್ಟಿನ ಕಡೆಗೋ ಹೋಗಲು ಒಂದು ಒಗ್ಗರಣೆ ಹಾಕುವಷ್ಟು ಹೊತ್ತು ಸಾಕು. ಮಗುವಿನ ಕೆಲಸ, ಮನೆಯ ಕೆಲಸ ಬೇರೆ ಬೇರೆ ಎಂದು ಮೊದಲೇ ಹೇಳುವುದು ನಿಮ್ಮ ಮೈ ಉಳಿಸಿಕೊಳ್ಳುವುದಕ್ಕೆ ಮಾತ್ರ ಅಲ್ಲ, ಮಗುವಿನ ಸಲುವಾಗಿ. ಹಾಗೆಯೇ ಹೇಳಿ. ಮಗು ಮಲಗಿದಾಗ ಅದರ ಬಟ್ಟೆ ಮಡಿಸುವುದು, ನಾಳೆಯ ಸರಿಗೆ ರಾಗಿ ನೆನೆಸುವುದು ಬೇಕಾದರೆ ಒಪ್ಪಿಕೊಳ್ಳಿ. ಅದಕ್ಕೂ ಮೀರಿದ ಕೆಲಸ ಇದ್ದರೆ ಸಂಬಳ ಬೇರೆ. ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ 2004ರಲ್ಲೇ ಸೇರಿಸಿದ ರಾಜ್ಯ ನಮ್ಮದು. ಈಗಿನ ದರ ಎಷ್ಟೆಂದು ತುಮಕೂರಿನ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಒಮ್ಮೆ ಕೇಳಿಕೊಂಡೇ ಮಾತಿಗೆ ಕೂತುಕೊಳ್ಳಿ.

ಸಕ್ಕರೆ ಕಾಯಿಲೆಯ ವಿಷಯ. ಮುಚ್ಚಿಟ್ಟು ಸೇರಿಕೊಂಡರೆ ಮಧ್ಯಾಹ್ನ ಊಟಕ್ಕೆ ತಡವಾದಾಗ ಕೇಳಲು ಬಾಯಿ ಬರುವುದಿಲ್ಲ. ಮಾತ್ರೆ ತೆಗೆದುಕೊಂಡು ಊಟ ತಪ್ಪಿದರೆ ತಲೆ ತಿರುಗಬಹುದು, ಕಂಕುಳಲ್ಲಿ ಮಗು ಇರುತ್ತದೆ. ಹೇಳಿದ್ದಕ್ಕೆ ಬೇಡ ಎನ್ನುವ ಮನೆ ಇದ್ದರೆ, ಅಂಥ ಮನೆಯಲ್ಲಿ ನಿಮಗೆ ಹೊತ್ತಿಗೆ ಸರಿಯಾಗಿ ಊಟವೂ ಸಿಗುತ್ತಿರಲಿಲ್ಲ.

ಬಸ್ಸಿನ ಹೊತ್ತನ್ನೂ ಸೇರಿಸಿದ್ದೇನೆ, ಅದಕ್ಕೆ ಕಾರಣವಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಗುಬ್ಬಿಯಿಂದ, ಕೊರಟಗೆರೆಯಿಂದ ದಿನಾ ತುಮಕೂರಿಗೆ ಬಂದು ಹೋಗುವುದು ಹೆಂಗಸರಿಗೆ ಸುಲಭವಾಗಿದೆ. ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಆದರೆ ತುಮಕೂರಿನಲ್ಲಿ ಆಯಾ ಹುಡುಕುವ ಎಷ್ಟೋ ಮನೆಯವರು ನಿಮ್ಮ ಹಳೆಯ ಮನೆಯವರ ಹಾಗೆ 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಬರುವವರು. ಸಂಜೆ ರೈಲು ಅರ್ಧ ಗಂಟೆ ತಡವಾದರೆ ಮಗುವನ್ನು ಬಿಟ್ಟು ಹೊರಡುವಂತಿಲ್ಲ, ಕಾದರೆ ಬಸ್ಸು ಹೋಗಿರುತ್ತದೆ. ಈ ಕೆಲಸದಲ್ಲಿ ಮನಸ್ತಾಪ ಶುರುವಾಗುವುದು ಹೆಚ್ಚಾಗಿ ಇಲ್ಲೇ. ‘ರೈಲು ತಡವಾದ ದಿನ ಏನು ಮಾಡೋಣ?’ ಎಂದು ಮೊದಲ ಭೇಟಿಯಲ್ಲೇ ನೀವೇ ಕೇಳಿ. ಪಕ್ಕದ ಮನೆಯವರು ಬಂದು ಕೂರುತ್ತಾರಾ, ಆಟೊ ದುಡ್ಡು ಕೊಡುತ್ತಾರಾ, ಅದು ಅಲ್ಲೇ ತೀರ್ಮಾನವಾಗಲಿ.

ಇನ್ನು ಜಾತಿ ಕೇಳಿದ ಮನೆ. ಅದನ್ನು ಓದಿ ತುಂಬಾ ನೋವಾಯಿತು. ನೀವು ಹೇಳಬೇಕಾಗಿಲ್ಲ. ಕೇಳಿದರೆ ‘ಅದು ಬೇಡ ಮೇಡಂ, ಮಗು ವಿಷಯ ಕೇಳಿ’ ಎನ್ನಿ, ಎದ್ದು ಬಂದರೂ ತಪ್ಪಿಲ್ಲ. ಮನೆಯಲ್ಲಿ ಮಾಂಸದಡುಗೆ ಮಾಡುವುದಿಲ್ಲ, ಹೊರಗಿನಿಂದಲೂ ತರಬಾರದು ಎಂದು ಹೇಳುವ ಹಕ್ಕು ಅವರಿಗಿದೆ. ಅದು ಮನೆಯ ನಿಯಮ, ಒಪ್ಪಬಹುದು, ಬಿಡಬಹುದು. ನೀವು ಯಾರ ಮಗಳು ಎಂಬುದು ಅವರಿಗೆ ಸಂಬಂಧಿಸಿದ್ದಲ್ಲ. ಶಿವಕುಮಾರ ಸ್ವಾಮೀಜಿಯವರ ಕಾಲದಿಂದ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಯಾವ ಜಾತಿ ಎಂದು ನೋಡದೆ ಒಂದೇ ಸಾಲಿನಲ್ಲಿ ಕೂತು ಉಂಡು ಓದಿದ್ದಾರೆ. ಆ ಮಠದ ಮಗ್ಗುಲಲ್ಲೇ ಇರುವ ಊರಿನವರು ನಾವು. ಮಗುವಿನ ಬಾಯಿಗೆ ತುತ್ತು ಇಡುವ ಕೈಯನ್ನು ಹೀಗೆ ಕೇಳಿ ಅಳೆಯುವುದು ನಮಗೆ ಒಪ್ಪುವ ಮಾತಲ್ಲ.

ಕಾಗದಪತ್ರದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಆಧಾರ್ ಫೋಟೊ ತೆಗೆದು ಗುಂಪಿಗೆ ಹಾಕಬೇಡಿ. ಮನೆಗೆ ಹೋದಾಗ ತೋರಿಸಿ. ಕೆಲಸ ಗಟ್ಟಿಯಾದ ಮೇಲೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿ ಕೊಡಿ, ಅದರ ಮೇಲೆ ಯಾವ ಮನೆಯ ಕೆಲಸಕ್ಕೆ ಎಂದು ಬರೆದು ತಾರೀಖು ಹಾಕಿ. ಪೊಲೀಸ್ ಪರಿಶೀಲನೆ ಮಾಡಿಸುತ್ತೇವೆ ಎಂದರೆ ಬೇಸರ ಬೇಡ, ಹೊಸಬರ ಕೈಗೆ ಮಗು ಕೊಡುವವರು ಕೇಳುವುದು ಸಹಜ, ಖರ್ಚು ಅವರದಾಗಿರಲಿ. ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರ್ಕಾರ ಕೊಡುವ ಇ-ಶ್ರಮ್ ಕಾರ್ಡ್ ಮಾಡಿಸಿಲ್ಲದಿದ್ದರೆ ಮಾಡಿಸಿ, 59 ವರ್ಷದವರೆಗೆ ಅವಕಾಶವಿದೆ, ಮನೆಗೆಲಸದವರೂ ಅದರಲ್ಲಿ ಸೇರುತ್ತಾರೆ. ಏಜೆಂಟರು ಮೂಲ ಕಾರ್ಡು ಇಟ್ಟುಕೊಳ್ಳುತ್ತೇವೆ ಎಂದರೆ ಆ ಕಡೆ ತಲೆ ಹಾಕಬೇಡಿ. ಮತ್ತೊಂದು: ನೀವು ಬೆಳೆಸಿದ ಮಗುವಿನ ಫೋಟೊ ನಿಮ್ಮ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ಅದನ್ನು ಹೊಸ ಮನೆಯವರಿಗೆ ಕಳಿಸಬೇಡಿ. ಆ ಮಗುವಿನ ಅಪ್ಪ ಅಮ್ಮನನ್ನು ಕೇಳದೆ ಅದು ಯಾರ ಕೈಗೂ ಹೋಗಬಾರದು. ‘ಫೋಟೊ ತೋರಿಸಿ’ ಎಂದು ಕೇಳಿದವರಿಗೆ ಹೀಗೇ ಹೇಳಿ, ನಾಳೆ ಅವರ ಮಗುವಿನ ಫೋಟೊವನ್ನೂ ನೀವು ಹಂಚುವುದಿಲ್ಲ ಎಂದು ಅವರಿಗೇ ಗೊತ್ತಾಗುತ್ತದೆ.

ಮೊದಲ ಸಲ ಮನೆಗೆ ಹೋದಾಗ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಬೇಡಿ. ನಿಮಗೆ ಇದು ಗೊತ್ತಿರುವುದೇ, ಆದರೂ ಕೆಲಸ ಸಿಗಲಿ ಎಂಬ ಆತುರದಲ್ಲಿ ಮರೆಯುತ್ತದೆ. ಎಂಟು ಒಂಬತ್ತು ತಿಂಗಳ ಮಗು ಹೊಸ ಮುಖ ಕಂಡರೆ ಅಳುವುದು ಆ ವಯಸ್ಸಿನ ಗುಣ. ಅಮ್ಮನ ಮಡಿಲಿಂದ ಕಿತ್ತು ಎತ್ತಿಕೊಂಡರೆ ಕಿರುಚುತ್ತದೆ, ಮನೆಯವರು ‘ಮಗು ಇವರಿಗೆ ಹೊಂದಲ್ಲ’ ಎಂದುಬಿಡುತ್ತಾರೆ. ಕೈ ತೊಳೆದು ಬಂದು ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತುಕೊಳ್ಳಿ. ದೊಡ್ಡವರ ಹತ್ತಿರವೇ ಮಾತಾಡಿ. ಒಂದು ಸ್ಟೀಲ್ ಲೋಟವನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಿ ಬಿಡಿ. ಮಗು ಅದನ್ನು ನೋಡುತ್ತದೆ, ನಿಮ್ಮನ್ನು ನೋಡುತ್ತದೆ, ಆಮೇಲೆ ತಾನೇ ಜರುಗಿಕೊಂಡು ಬರುತ್ತದೆ. ಬರದಿದ್ದರೆ ಮಾರನೆಯ ದಿನ ಬರುತ್ತದೆ. ತಾಯಿ ಮನೆಯಲ್ಲೇ ಇರುವಾಗ ಎರಡು ಮೂರು ದಿನ ಬಂದು ನೋಡುತ್ತೇನೆ ಎಂದು ಹೇಳಿ, ಆ ದಿನಗಳ ಕೂಲಿಯನ್ನೂ ಕೇಳಿ.

ಅವರು ಕೆಲವು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು. ನಿಮ್ಮ ಉತ್ತರ ಹೀಗಿರಲಿ. ಜ್ವರ ಬಂದರೆ ಏನು ಮಾಡುತ್ತೀರಿ? ಕಾವು ನೋಡಿ ನಿಮಗೆ ಫೋನ್ ಮಾಡುತ್ತೇನೆ, ನೀವು ಹೇಳದೆ ಔಷಧಿ ಹಾಕುವುದಿಲ್ಲ. ಸ್ನಾನ ಹೇಗೆ? ಎಣ್ಣೆ ಹಚ್ಚುತ್ತೇನೆ, ಕಿವಿಗೆ ಮೂಗಿಗೆ ಎಣ್ಣೆ ಬಿಡುವುದಿಲ್ಲ. ನಮ್ಮ ಕಡೆ ನೀರು ಹಾಕುವ ಅಜ್ಜಿಯರು ಬಿಡುತ್ತಿದ್ದರು, ಮಕ್ಕಳ ಡಾಕ್ಟರುಗಳು ಬೇಡ ಎನ್ನುತ್ತಾರೆ. ವರ್ಷ ತುಂಬುವ ಮುಂಚೆ ಜೇನುತುಪ್ಪ ನೆಕ್ಕಿಸುವುದಿಲ್ಲ. ಕಡಲೆಕಾಯಿ ಬೀಜ ಇಡಿಯಾಗಿ ಕೊಡುವುದಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇಷ್ಟು ಉತ್ತರ ಕೊಡುವವರ ಹತ್ತಿರ ಮತ್ತೆ ‘ಪ್ರೀತಿ ಇದೆಯಾ’ ಎಂದು ಯಾರೂ ಕೇಳುವುದಿಲ್ಲ.

ಈಗ ಒಂದು ಮಾತು ಆಯಾ ಹುಡುಕುತ್ತಿರುವ ಮನೆಯವರಿಗೆ. ತುಮಕೂರಿನ ಬಟವಾಡಿ, ಎಸ್.ಎಸ್.ಪುರಂ, ಕ್ಯಾತ್ಸಂದ್ರದ ಕಡೆಯಿಂದ ನಮ್ಮನ್ನು ಓದುವವರು ನೀವೂ ಇದ್ದೀರಿ. ಕೆಲಸ ಕೇಳಿಕೊಂಡು ಬಂದವರ ಊರು, ವಯಸ್ಸು, ಗಂಡನ ಉದ್ಯೋಗ, ಕಾಯಿಲೆ ಎಲ್ಲ ಕೇಳುತ್ತೀರಿ. ನಿಮ್ಮ ಮನೆಯ ಪರಿಚಯವನ್ನು ಅವರಿಗೆ ಮಾಡಿಕೊಡುವವರು ಯಾರು? ಮಗುವಿಗೆ ಉಬ್ಬಸ ಇದೆಯಾ, ಫಿಟ್ಸ್ ಬಂದಿತ್ತಾ, ಯಾವುದಾದರೂ ತಿಂಡಿ ಆಗುವುದಿಲ್ಲವಾ, ಮೊದಲೇ ಹೇಳಿ. ತಾಯಿ ಕಾರ್ಡ್ ಎಲ್ಲಿಟ್ಟಿದ್ದೀರಿ, ಮುಂದಿನ ಲಸಿಕೆ ಯಾವಾಗ ಎಂದು ತೋರಿಸಿ. ಮನೆಯಲ್ಲಿ ಅತ್ತೆ ಒಂದು ಹೇಳಿ ಸೊಸೆ ಇನ್ನೊಂದು ಹೇಳಿದರೆ ಯಾರ ಮಾತು ನಡೆಯಬೇಕು ಎಂದು ನೀವೇ ತೀರ್ಮಾನಿಸಿಕೊಂಡಿರಿ, ಆ ಜಗಳವನ್ನು ಆಕೆಯ ಮೇಲೆ ಹಾಕಬೇಡಿ. ಕ್ಯಾಮೆರಾ ಇದ್ದರೆ ಎಲ್ಲೆಲ್ಲಿ ಇದೆ ಎಂದು ಹೇಳಿ, ಆಕೆ ಬಟ್ಟೆ ಬದಲಾಯಿಸುವ ಕಡೆ ಇರಕೂಡದು. ಯುಗಾದಿಗೆ, ಗೌರಿ ಹಬ್ಬಕ್ಕೆ, ಊರ ಜಾತ್ರೆಗೆ ರಜ ಇದೆಯಾ, ಹುಷಾರಿಲ್ಲದ ದಿನದ ಸಂಬಳ ಹಿಡಿಯುತ್ತೀರಾ, ತಿಂಗಳ ಯಾವ ತಾರೀಖಿಗೆ ದುಡ್ಡು ಕೊಡುತ್ತೀರಿ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತದೆ, ದೂರು ಕೇಳಲು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ ಎಂಬುದು ಮನೆಯ ಗಂಡಸರಿಗೂ ತಿಳಿದಿರಲಿ.

‘ಮಗು ಆಡಿಸೋಕೆ ಒಂದು ಚಿಕ್ಕ ಹುಡುಗಿ ಇದ್ರೆ ಹೇಳಿ’ ಎಂದು ಕೇಳುವವರು ಈಗಲೂ ಇದ್ದಾರೆ. 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್‌ನಿಂದಲೇ ನಿಷೇಧಿಸಲಾಗಿದೆ. ಅಂಥ ಹುಡುಗಿ ಯಾವುದಾದರೂ ಮನೆಯಲ್ಲಿ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಅಕ್ಕಾ, ನಿಮ್ಮ ಪತ್ರ ಓದಿ ನಮಗೆ ಬರೆಯುವ ಮನೆಯವರಿದ್ದರೆ ಅವರ ಪತ್ರಗಳನ್ನು ನಿಮಗೆ ತಲುಪಿಸುತ್ತೇವೆ, ನಿಮ್ಮ ವಿಳಾಸವನ್ನು ಅವರಿಗೆ ಕೊಡುವುದಿಲ್ಲ. ಬರೆಯುವವರು ಮಗುವಿನ ವಯಸ್ಸು, ಮನೆಯಲ್ಲಿ ಯಾರ್‍ಯಾರು ಇರುತ್ತಾರೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಕೆಲಸ, ಸಂಬಳ ಎಷ್ಟು, ಇಷ್ಟನ್ನೂ ಬರೆದು ಕಳಿಸಲಿ. ಯಾರಿಗೆ ಉತ್ತರ ಕೊಡಬೇಕು ಎಂಬುದನ್ನು ನೀವೇ ಓದಿ ನೋಡಿ ತೀರ್ಮಾನಿಸಿ.

– ಸಂಪಾದಕಿ