ನಿಮ್ಮ ಹಿತ್ತಲು ನಾಲ್ಕನೆಯ ಪುಟದಲ್ಲಿದೆ

ಮಾನ್ಯರೇ,

ಮೈಸೂರಿನ ನಿಮ್ಮ ಮನೆಯ ಹಿತ್ತಲಲ್ಲಿ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಕಂಡ ಗಿಡ, ಹಕ್ಕಿ, ಹುಳುಗಳನ್ನು ಕುರಿತು ನೀವು ಬರೆದು ಕಳುಹಿಸಿದ ‘ಹಿತ್ತಲಿಗೆ ಬಂದ ಚೈತ್ರ’ ಎಂಬ ಒಂಬತ್ತು ಪುಟಗಳ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ‘ವಿಷಾದದಿಂದ ಹಿಂದಿರುಗಿಸಿದೆ’ ಎಂಬ ಒಂದು ಸಾಲು ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ, ಏಕೆಂದರೆ ನಾಲ್ಕನೆಯ ಪುಟದ ನಡುವೆ ಕರಿಬೇವಿನ ಗಿಡದ ಬಗ್ಗೆ ಆರು ಸಾಲುಗಳಿವೆ, ಅವು ನಮಗೆ ಬೇಕು. ಉಳಿದದ್ದರ ಮಾತನ್ನು ಮೊದಲು ಆಡಿಬಿಡುತ್ತೇನೆ.

ಮೊದಲ ಮೂರು ಪುಟಗಳಲ್ಲಿ ನಿಮ್ಮ ಹಿತ್ತಲು ಎಲ್ಲಿಯೂ ಇಲ್ಲ. ಮೂರು ಭಾವಗೀತೆಗಳ ಸಾಲುಗಳಿವೆ, ಋತುರಾಜನಿದ್ದಾನೆ, ‘ಚಳಿಯಲ್ಲಿ ಮುದುಡಿ ಮಲಗಿದ್ದ ಪ್ರಕೃತಿಮಾತೆ ಮೈಮುರಿದು ಎದ್ದಳು’ ಎಂಬ ವಾಕ್ಯವಿದೆ. ಮೈಸೂರಿನಲ್ಲಿ ಪ್ರಕೃತಿ ಚಳಿಗೆ ಮುದುಡಿ ಮಲಗಿದ್ದು ಯಾವಾಗ? ಆ ವಸಂತ ಹಿಮ ಬೀಳುವ ನಾಡುಗಳದು, ಅಲ್ಲಿ ಚಳಿ ಬಿಟ್ಟ ಮೇಲೆ ಚಿಗುರು ಒಡೆಯುತ್ತದೆ. ನಮ್ಮಲ್ಲಿ ಚಿಗುರು ಒಡೆಯುವುದು ಬಿಸಿಲು ಏರುತ್ತಿರುವಾಗ, ಬಾವಿಯ ನೀರು ಇಳಿಯುತ್ತಿರುವಾಗ, ಹಲವು ಮರಗಳಲ್ಲಿ ಮೊದಲ ಮಳೆ ಬೀಳುವುದಕ್ಕೂ ಮುಂಚೆ. ನಿಮ್ಮ ಗೇಟಿನ ಪಕ್ಕದಲ್ಲಿ ಹೊಂಗೆಯ ಮರವಿದೆ ಎಂದು ಏಳನೆಯ ಪುಟದಲ್ಲಿ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಆ ಮರ ಎಲೆ ಉದುರಿಸಿ ಬೋಳಾಗಿ, ಕೆಲವೇ ವಾರಗಳಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ಎಳೆಹಸಿರನ್ನು ಹೊದ್ದು, ಬೆನ್ನಿಗೇ ಬಿಳಿ ನಸುಗೆಂಪಿನ ಹೂವನ್ನು ನೆಲದ ತುಂಬ ಸುರಿಯುತ್ತದೆ. ಇಷ್ಟೆಲ್ಲ ಆಗುವಾಗ ಅದಕ್ಕೆ ಒಂದು ಕೊಡ ನೀರು ಹಾಕಿದವರಿಲ್ಲ. ಆಶ್ಚರ್ಯಪಡಬೇಕಾದ ಸಂಗತಿ ಗೇಟಿನ ಬಳಿಯೇ ಇರುವಾಗ ನೀವು ಋತುರಾಜನನ್ನು ಕರೆಯಲು ಹೋದದ್ದು ಏಕೆಂದು ನನಗೆ ತಿಳಿಯಲಿಲ್ಲ.

ಎರಡನೆಯದು ಕೋಗಿಲೆ. ‘ಮಾವಿನ ಚಿಗುರು ಮೆದ್ದ ಹೆಣ್ಣು ಕೋಗಿಲೆ ತನ್ನ ಗೂಡಿನಲ್ಲಿ ಕುಳಿತು ಮರಿಗಳಿಗೆ ಇಂಪಾಗಿ ಹಾಡುವುದನ್ನು ಕಣ್ಣಾರೆ ಕಂಡೆ’ ಎಂದು ಬರೆದಿದ್ದೀರಿ. ಚಿಗುರು ಮೆಲ್ಲುವುದು ಕವಿಸಮಯ, ಅದು ಕಾವ್ಯದಲ್ಲಿ ಇರಲಿ, ಅಲ್ಲಿ ಅದಕ್ಕೆ ಸಾವಿರ ವರ್ಷದ ಹಕ್ಕಿದೆ. ಆದರೆ ‘ಕಣ್ಣಾರೆ ಕಂಡೆ’ ಎಂಬ ಮಾತು ಬಂದ ಕೂಡಲೇ ಓದುಗ ನಿಮ್ಮನ್ನು ಸಾಕ್ಷಿಯ ಕಟ್ಟೆಯಲ್ಲಿ ನಿಲ್ಲಿಸುತ್ತಾನೆ. ಕುಹೂ ಎಂದು ಸ್ವರ ಏರಿಸುತ್ತ ಹೋಗುವುದು ಕಪ್ಪು ಮೈಯ, ಕೆಂಪು ಕಣ್ಣಿನ ಗಂಡು. ಹೆಣ್ಣು ಕಂದು ಮೈಮೇಲೆ ಬಿಳಿಯ ಚುಕ್ಕಿಗಳಿರುವ ಹಕ್ಕಿ, ಅದರ ದನಿ ಕಿಕ್ ಕಿಕ್ ಎಂಬ ಒರಟು ಕೂಗು. ಗೂಡು ಕಟ್ಟುವ ಗೋಜಿಗೇ ಕೋಗಿಲೆ ಹೋಗುವುದಿಲ್ಲ. ಮೊಟ್ಟೆ ಇಡುವುದು ಹೆಚ್ಚಾಗಿ ಕಾಗೆಯ ಗೂಡಿನಲ್ಲಿ, ಮರಿಗೆ ಗುಟುಕು ಕೊಡುವ ಕಷ್ಟವೂ ಕಾಗೆಯದೇ. ನಿಮ್ಮ ತೆಂಗಿನ ಮರದಲ್ಲಿ ಕಾಗೆ ಕಡ್ಡಿ ಜೋಡಿಸುತ್ತಿತ್ತು ಎಂದು ಬೇರೊಂದು ಕಡೆ ಬರೆದಿದ್ದೀರಲ್ಲ, ಆ ಗೂಡಿನ ಸುತ್ತ ಕೋಗಿಲೆ ಸುಳಿಯಿತೇ, ಕಾಗೆಗಳು ಅದನ್ನು ಅಟ್ಟಿಸಿಕೊಂಡು ಹೋದವೇ ಎಂಬುದನ್ನು ನೋಡಿದ್ದರೆ ಅದನ್ನು ಬರೆಯಬೇಕಿತ್ತು.

ದಾಸವಾಳಕ್ಕೆ ಬಂದ ‘ಹಮ್ಮಿಂಗ್‌ಬರ್ಡ್’ ಕೂಡ ಹೀಗೆಯೇ. ಹಮ್ಮಿಂಗ್‌ಬರ್ಡ್‌ಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನೀವು ಕಂಡದ್ದು ಸೂರಕ್ಕಿ. ‘ಗಾಳಿಯಲ್ಲಿ ತೇಲಿ ನಿಂತು ಜೇನು ಹೀರಿತು’ ಎಂಬ ನಿಮ್ಮ ವಾಕ್ಯ ಹಿತ್ತಲಿನದೋ ಟಿ.ವಿ.ಯದೋ ಎಂಬ ಅನುಮಾನ ನನಗಿದೆ. ಸೂರಕ್ಕಿ ಕ್ಷಣಮಾತ್ರ ರೆಕ್ಕೆ ಬಡಿಯುತ್ತ ನಿಲ್ಲಬಲ್ಲದು, ಆದರೆ ಸಾಮಾನ್ಯವಾಗಿ ಟೊಂಗೆಯನ್ನೋ ಹೂವಿನ ತೊಟ್ಟನ್ನೋ ಹಿಡಿದು ಕುಳಿತೇ ಕುಡಿಯುತ್ತದೆ. ದಾಸವಾಳದ ವಿಷಯದಲ್ಲಿ ಅದು ಅನೇಕ ವೇಳೆ ಹೂವಿನ ಬಾಯಿಗೆ ಹೋಗದೆ, ದಳಗಳ ಬುಡದಲ್ಲಿ ಹೊರಗಿನಿಂದ ತೂತು ಕೊರೆದು ಮಕರಂದವನ್ನು ಕದಿಯುತ್ತದೆ. ನಾಳೆ ಬೆಳಿಗ್ಗೆ ಒಂದು ಹೂ ಕಿತ್ತು ಅದರ ಬುಡವನ್ನು ನೋಡಿ. ತೂತು ಕಂಡರೆ ಅದರ ಬಗ್ಗೆ ಬರೆಯುವ ಎರಡು ಸಾಲು ಈಗಿರುವ ಇಡೀ ಪ್ಯಾರಾಕ್ಕಿಂತ ಬೆಲೆಯುಳ್ಳದ್ದಾಗುತ್ತದೆ.

ಲೇಖನದಲ್ಲಿ ಒಂದೇ ಒಂದು ತಾರೀಖು ಇಲ್ಲ. ಎಲ್ಲವೂ ‘ಯುಗಾದಿಯ ಹೊತ್ತಿಗೆ’ ಆಗಿದೆ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ. ನಡುವೆ ಹದಿನೆಂಟು ದಿನಗಳ ಅಂತರವಿದೆ, ಅಷ್ಟರಲ್ಲಿ ಒಂದು ಹೊಂಗೆ ಬೋಳಿನಿಂದ ಹಸಿರಿಗೆ ಬಂದಿರುತ್ತದೆ. ಹಬ್ಬದ ದಿನ ನಿಮ್ಮ ಮಾವು ಹೂವಿನಿಂದ ತುಂಬಿತ್ತು ಎಂದಿದ್ದೀರಿ, ಆದರೆ ನಮ್ಮ ಕಡೆ ಹೆಚ್ಚಿನ ಮಾವುಗಳಲ್ಲಿ ಆ ವೇಳೆಗೆ ಕಾಯಿ ಕಾಣಿಸಿಕೊಂಡಿರುತ್ತದೆ. ನಿಮ್ಮ ಮರ ನಿಜವಾಗಿಯೂ ತಡವಾಗಿ ಹೂಬಿಟ್ಟಿದ್ದರೆ ಅದೇ ಒಂದು ಸುದ್ದಿ, ಯಾವ ದಿನ ಎಂದು ಹೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ‘ಮಲ್ಲಿಗೆ ಮೊದಲ ಮೊಗ್ಗು’ ಎಂದು ಗೀಚಿದರೂ ಸಾಕು. ಇದು ಬೋಧನೆಯಲ್ಲ, ಪೆಟ್ಟು ತಿಂದವನ ಮಾತು: ಚೈತ್ರದ ಮುಂಜಾವಿನಲ್ಲಿ ಅಂಗಳದ ತುಂಬ ಪಾರಿಜಾತ ಉದುರಿಸಿದ ಲೇಖನವೊಂದು ಹಿಂದೆ ನನ್ನ ಕೈದಾಟಿಯೇ ಅಚ್ಚಾಯಿತು. ಪಾರಿಜಾತ ಹೂಬಿಡುವುದು ಮಳೆಗಾಲದ ಕೊನೆಯ ಕಡೆಗೆ ಎಂಬುದನ್ನು ಓದುಗರೊಬ್ಬರು ಅಂಚೆ ಕಾರ್ಡಿನಲ್ಲಿ ಬಹಳ ವಿನಯದಿಂದ ತಿಳಿಸಿದರು. ಆ ವಿನಯ ಇನ್ನೂ ಚುಚ್ಚುತ್ತದೆ.

ಇನ್ನು ನಾಲ್ಕನೆಯ ಪುಟ. ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟು ಕರಿಬೇವು ಕೊಯ್ಯಲು ಹೋದ ನಿಮ್ಮ ತಾಯಿಯವರು ಬರಿಗೈಯಲ್ಲಿ ಹಿಂದಿರುಗಿ ‘ಎಲೆ ಮೇಲಿನ ಹಿಕ್ಕೆ ನಡೀತಾ ಇದೆ’ ಎಂದರು ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತದ್ದು ಇಲ್ಲಿ. ನೀವು ನಿಂಬೆ ಚಿಟ್ಟೆಯದೆಂದು ಹೆಸರಿಸಿದ, ಹಕ್ಕಿಯ ಹಿಕ್ಕೆಯಂತೆ ಕಂಡ ಆ ಹುಳು ನಾಲ್ಕು ಬಾರಿ ಪೊರೆ ಬಿಟ್ಟ ಮೇಲೆ ಎಲೆಯ ಬಣ್ಣಕ್ಕೇ ತಿರುಗುತ್ತದೆ. ಹಿಕ್ಕೆಯನ್ನು ಹಕ್ಕಿಗಳು ಸಾಮಾನ್ಯವಾಗಿ ತಿನ್ನುವುದಿಲ್ಲ, ಮೈ ದೊಡ್ಡದಾದ ಮೇಲೆ ಆ ವೇಷ ನಡೆಯುವುದಿಲ್ಲ, ಆಗ ಹಸಿರು ಬೇಕು. ನೀವು ಕಡ್ಡಿಯಿಂದ ಮುಟ್ಟಿದಾಗ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಬಂದು ಘಾಟು ವಾಸನೆ ಹೊಡೆದದ್ದು, ಬೆರಳು ತೊಳೆದರೂ ಅದು ಹೋಗದೆ ಊಟಕ್ಕೆ ಕುಳಿತಾಗ ತಾಯಿಯವರು ಬೈದದ್ದು, ಇವನ್ನೆಲ್ಲ ನೀವು ಒಂದೇ ವಾಕ್ಯದಲ್ಲಿ ತುರುಕಿ ಮತ್ತೆ ‘ಸೃಷ್ಟಿಯ ವಿಸ್ಮಯ’ಕ್ಕೆ ಓಡಿಬಿಟ್ಟಿದ್ದೀರಿ. ಓಡಬೇಡಿ. ಆ ಗಿಡದ ಬುಡದಲ್ಲಿ ಎರಡು ಪುಟದಷ್ಟು ನಿಲ್ಲಿ. ಎಷ್ಟು ಹುಳುಗಳಿದ್ದವು, ಎಷ್ಟು ಎಲೆ ಖಾಲಿಯಾಯಿತು, ಔಷಧಿ ಹೊಡೆಯಲು ಬಂದ ಪಕ್ಕದ ಮನೆಯವರನ್ನು ತಾಯಿಯವರು ಏನೆಂದು ತಡೆದರು, ಅಷ್ಟು ದಿನ ಒಗ್ಗರಣೆಗೆ ಕರಿಬೇವು ಎಲ್ಲಿಂದ ಬಂತು, ಎಲ್ಲವೂ ಬೇಕು. ಹುಳುವನ್ನು ‘ಕಂಬಳಿಹುಳು’ ಎಂದಿದ್ದೀರಿ. ಎಲ್ಲರೂ ಹಾಗೆನ್ನುತ್ತಾರೆ, ನಿಜ, ಆದರೂ ಮೈಮೇಲೆ ಒಂದು ರೋಮವೂ ಇಲ್ಲದ ಈ ನುಣುಪು ಹುಳುವಿಗೆ ಕಂಬಳಿ ಹೊದಿಸುವಾಗ ಒಮ್ಮೆ ಯೋಚಿಸಿ.

ಇನ್ನೆರಡು ಸಣ್ಣ ವಿಷಯಗಳು. ‘ಬಣ್ಣಬಣ್ಣದ ನಾನಾ ಹಕ್ಕಿಗಳು’ ಎಂಬಲ್ಲಿ ಪಿಕಳಾರವೋ ಮಡಿವಾಳವೋ ಗೊರವಂಕವೋ ಹೆಸರು ಹೇಳಿ. ಜೊತೆಗಿಟ್ಟ ಸೂರಕ್ಕಿಯ ಗೂಡಿನ ಫೋಟೊವನ್ನು ನಾವು ಹಾಕುವುದಿಲ್ಲ, ಏಕೆಂದರೆ ಅದಕ್ಕಾಗಿ ಮರೆಯಾಗಿದ್ದ ಎಲೆಗಳನ್ನು ಸರಿಸಿರುವುದು ಕಾಣುತ್ತದೆ, ಹಾಗೆ ಸರಿಸಿದ ಕಿಂಡಿ ಕಾಗೆಗೂ ಕಾಣುತ್ತದೆ.

ಹೊಸ ಕರಡು ನಾಲ್ಕು ಪುಟ ಮೀರದಿರಲಿ, ಕಾದ ಎಣ್ಣೆಯಿಂದಲೇ ಆರಂಭವಾಗಲಿ. ಒಂದು ಪ್ರಶ್ನೆಗೆ ಅದರಲ್ಲಿ ಉತ್ತರವಿರಬೇಕು. ಹುಳು ನೂಲಿನ ಪಟ್ಟಿ ಬಿಗಿದುಕೊಂಡು ಟೊಂಗೆಗೆ ಅಂಟಿ ಕೋಶವಾಯಿತು ಎಂದು ಹೇಳಿ ನೀವು ಬೇರೆ ವಿಷಯಕ್ಕೆ ಹೊರಳಿದ್ದೀರಿ. ಅದು ನಿಂಬೆ ಚಿಟ್ಟೆ ಎಂದು ನಿಮಗೆ ಹೇಗೆ ಗೊತ್ತಾಯಿತು? ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಹುಳುವೂ ಕರಿಬೇವನ್ನೇ ತಿನ್ನುತ್ತದೆ, ನೋಡಲು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಕೋಶ ಒಡೆದು ಬಂದದ್ದು ಕಪ್ಪು ಹಳದಿಯ ಚುಕ್ಕೆಗಳ, ಬಾಲವಿಲ್ಲದ ಚಿಟ್ಟೆಯೇ? ಅಥವಾ ಕೋಶದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಚಿಟ್ಟೆಯ ಬದಲು ಪುಟ್ಟ ಕಣಜಗಳು ಹೊರಬಂದವೇ? ಏನಾಯಿತೋ ಅದನ್ನೇ, ಆದ ದಿನದೊಂದಿಗೆ, ಬರೆದು ಕಳುಹಿಸಿ.

ಇತಿ,
ಸಂಪಾದಕ